ಮರದ ನೆಲಕ್ಕೂ ನೀರಿನ ಬಕೆಟ್ಟಿಗೂ ಆಗಿಬರೋಲ್ಲ

ಹೊಸ ಫ್ಲಾಟಿನ ಕೀ ಕೈಗೆ ಬಂದ ಮಾರನೇ ದಿನದಿಂದ ಇಂಟೀರಿಯರ್ ಡಿಸೈನರ್ ಬಾಯಲ್ಲಿ ಬರೋ ಪದ ‘ಹೆರಿಂಗ್‌ಬೋನ್’. ಮೀನಿನ ಮುಳ್ಳಿನ ಹಾಗೆ ಮರದ ತುಂಡುಗಳನ್ನು ಓರೆಯಾಗಿ, ಎದುರುಬದುರಾಗಿ ಕೂರಿಸಿದ ನೆಲ. ಅಪಾರ್ಟ್‌ಮೆಂಟಿನ ಎಲ್ಲ ಮನೆಗಳಲ್ಲೂ ಅದೇ ವಿಟ್ರಿಫೈಡ್ ಟೈಲ್ಸ್ ಹೊಳೀತಿರುವಾಗ ಇಂಥದೊಂದು ನೆಲ ಮನೆಗೆ ತನ್ನದೇ ಒಂದು ಮುಖ ಕೊಡುತ್ತೆ, ಸುಳ್ಳಲ್ಲ. ನನ್ನ ಕುತೂಹಲ ಬೇರೆ. ತೇಗ, ಬೀಟೆ, ಹೊನ್ನೆ ಬೆಳೆಯೋ ಬಿಳಿಗಿರಿರಂಗನ ಬೆಟ್ಟದ ಬುಡದಲ್ಲೇ ಬದುಕಿದ ನಮ್ಮ ಹೊನ್ನೂರು, ಯಳಂದೂರು ಸೀಮೆಯ ಜನ ಮನೆಯ ನೆಲಕ್ಕೆ ಯಾಕೆ ಮರ ಹಾಸಲಿಲ್ಲ?

ಉತ್ತರ ಹುಡುಕೋಕೆ ಒಂದು ಗಳಿಗೆ ಫ್ರಾನ್ಸಿಗೆ ಹೋಗಿಬರೋಣ. ವರ್ಸೇಲ್ಸ್ ಅರಮನೆಯ ಕೋಣೆಗಳಲ್ಲಿ ಮೊದಲು ಇದ್ದದ್ದು ಅಮೃತಶಿಲೆ. ಕಲ್ಲು ಅಂದ್ಮೇಲೆ ತೊಳೀಬೇಕು. ತೊಳೆದ ನೀರು ಸಂದಿಯಲ್ಲಿ ಇಳಿದು ಕೆಳಗಿನ ಮರದ ತೊಲೆಗಳು ಕೊಳೆಯತೊಡಗಿದವು. 1684ರಲ್ಲಿ ಕಲ್ಲು ತೆಗೆದು, ಚೌಕಟ್ಟಿನೊಳಗೆ ಓರೆಪಟ್ಟಿಗಳನ್ನು ಹೆಣೆದ ಮರದ ನೆಲ ಹಾಸಿದರು. ಇವತ್ತಿಗೂ ಆ ವಿನ್ಯಾಸಕ್ಕೆ ಆ ಅರಮನೆಯದೇ ಹೆಸರು. ಜಗತ್ತಿನ ಅತಿ ಶ್ರೀಮಂತ ಮರದ ನೆಲ ಹುಟ್ಟಿದ್ದು ನೀರಿನ ಕಾಟಕ್ಕೆ!

ನಮಗೂ ಇದ್ದದ್ದು ಅದೇ ನೀರಿನ ಕಾಟ. ಆದರೆ ನಾವು ಹಿಡಿದ ದಾರಿ ತಿರುಗುಮುರುಗು. ಅವರು ತೊಳೆಯೋದನ್ನು ಬಿಟ್ಟರು, ನಾವು ನೆಲದಿಂದ ಮರವನ್ನೇ ದೂರ ಇಟ್ಟೆವು. ಸಗಣಿ ಸಾರಿಸೋದು, ಹಬ್ಬಕ್ಕೆ ಕೊಡಗಟ್ಟಲೆ ನೀರು ಸುರಿಯೋದು, ಸಾಲದ್ದಕ್ಕೆ ಮಣ್ಣಿನಿಂದ ಏಳೋ ಗೆದ್ದಲು. ಇದರ ಮಧ್ಯೆ ಹಲಗೆಯ ನೆಲ ಎಷ್ಟು ವರ್ಷ ಉಳಿದೀತು? ಹಾಗಾಗಿ ತೊಟ್ಟಿ ಮನೆಯಲ್ಲಿ ಮರವೆಲ್ಲ ಮೇಲಕ್ಕೆ ಹೋಯ್ತು: ಕಂಬ, ಬೋದಿಗೆ, ತೊಲೆ, ಜಂತೆ. ಹಲಗೆ ಹಾಸಿದ ನೆಲ ಅಂತ ಇದ್ದದ್ದು ಅಟ್ಟದಲ್ಲಿ ಮಾತ್ರ. ಅಲ್ಲಿ ರಾಗಿ, ಬೆಲ್ಲ, ಹಳೇ ಪಾತ್ರೆ ಇರ್ತಿತ್ತು. ನೀರು ಹತ್ತುತ್ತಿರಲಿಲ್ಲ.

ಕೆಳಗೆ ಮಣ್ಣು, ಆಮೇಲೆ ಸುಣ್ಣದ ಗಾರೆ, ಸಿಮೆಂಟ್ ಬಂದ ಮೇಲೆ ರೆಡ್ ಆಕ್ಸೈಡ್. ಈ ಕೆಂಪು ನೆಲವನ್ನು ಬಡವರ ನೆಲ ಅನ್ನೋರಿದ್ದಾರೆ, ನಾನು ಒಪ್ಪಲ್ಲ. ಸಿಮೆಂಟಿಗೆ ಬಣ್ಣದ ಪುಡಿ ಬೆರೆಸಿ, ಹಸಿ ಆರೋ ಮುಂಚೆ ಕರಣೆಯಲ್ಲಿ ಒತ್ತಿ ಒತ್ತಿ ನುಣುಪು ಮಾಡ್ಬೇಕು. ಕೈ ಒಂಚೂರು ತಪ್ಪಿದರೂ ಕಲೆ ಉಳಿಯುತ್ತೆ. ಅಂಚಿಗೆ ಕಪ್ಪು ಅಥವಾ ಹಸಿರು ಪಟ್ಟಿ. ಇನ್ನು ಚಿತ್ತಾರ? ಅದನ್ನ ದಿನಾ ಬೆಳಗ್ಗೆ ರಂಗೋಲಿ ಪುಡಿಯಲ್ಲಿ ಬರೆದು ಮಾರನೇ ದಿನ ಗುಡಿಸಿಬಿಡ್ತಿದ್ದರು.

ಹಾಗಂತ ಮರದ ಕುಸುರಿ ನಮ್ಮಲ್ಲಿ ಇರಲಿಲ್ಲ ಅಂತಲ್ಲ. ನಮ್ಮಲ್ಲಿ ಕುಸುರಿ ಬಾಗಿಲಿಗೆ ಸಲ್ಲುತ್ತಿತ್ತು. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡಿದ್ದೀರಾ? ಕಲ್ಲಿನಲ್ಲೇ ಬಳೆಗಳ ಸರಪಳಿ ಕಡೆದಿರೋ ಆ ಮಂಟಪ ಗುಡಿಯ ಹೆಬ್ಬಾಗಿಲು. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಸುಟ್ಟುಹೋಯ್ತು. ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ 1912ಕ್ಕೆ ಮುಗಿದಾಗ ಅಲ್ಲಿ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ್ದೇ ಪಾರುಪತ್ಯ. ಅಂಬಾವಿಲಾಸದಲ್ಲಿ ನೆಲದ ಹೂಬಳ್ಳಿಗೆ ಬಣ್ಣದ ಕಲ್ಲು, ಬೀಟೆ ಮರದ ಬಾಗಿಲಿನ ಚಿತ್ರಕ್ಕೆ ದಂತ. ಮೈಸೂರಿನ ಇನ್‌ಲೇ ಕೆಲಸ ಅಂದರೆ ಇದೇ: ಬೀಟೆಯಲ್ಲಿ ಚಿತ್ರದ ಆಕಾರಕ್ಕೆ ತಗ್ಗು ತೋಡಿ, ಬೇರೆ ಬಣ್ಣದ ಚೂರನ್ನು ಕೂದಲೆಳೆ ಸಂದಿಲ್ಲದಂತೆ ಕೂರಿಸೋದು. ಈಗ ದಂತದ ಜಾಗಕ್ಕೆ ಬಣ್ಣದ ಮರಗಳು, ಪ್ಲಾಸ್ಟಿಕ್ ಬಂದಿವೆ.

ಇತ್ತ ಬೆಟ್ಟದ ಬಾಗಿಲು ಮುಚ್ಚಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮ ಆಯ್ತು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿತು. ಜೇನಿಗೆ, ನೆಲ್ಲಿಕಾಯಿಗೆ ಸರಿ, ನಾಟಾ ಕಡಿಯೋಕೆ ಅಲ್ಲ. 2017ರಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಬಿದ್ದಿದೆ. ಹೀಗೆ ಆಗಬೇಕಾದದ್ದೇ. ಆದರೆ ಖಾಲಿಯಾದ ಜಾಗಕ್ಕೆ ಬಂದು ಕೂತದ್ದು ಲ್ಯಾಮಿನೇಟ್, ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಫೋಟೊ. ಒಂದೇ ಗಂಟು, ಒಂದೇ ಗೆರೆ ನಾಲ್ಕು ಹಲಗೆಗೊಮ್ಮೆ ಮತ್ತೆ ಕಾಣಿಸುತ್ತೆ. ಅಂಚಿನಲ್ಲಿ ನೀರು ಹೊಕ್ಕರೆ ಹಪ್ಪಳದ ಹಾಗೆ ಉಬ್ಬುತ್ತೆ. ಮನೆಗೆ ಮುಖ ಬೇಕು ಅಂತ ಇಎಂಐ ಕಟ್ಟಿ ಮುಖವಾಡ ತರೋದು ಯಾಕೆ?

ಇನ್ನೊಂದು ದಾರಿ ಇದೆ, ಅದನ್ನ ತೋರಿಸೋದೂ ಹೆರಿಂಗ್‌ಬೋನೇ. ಈ ವಿನ್ಯಾಸಕ್ಕೆ ಉದ್ದ ಹಲಗೆ ಬೇಡ, ಗಿಡ್ಡ ತುಂಡು ಸಾಕು. ಯಳಂದೂರು, ಕೊಳ್ಳೇಗಾಲದ ಕಡೆ ತೊಟ್ಟಿ ಮನೆ ಕೆಡವಿದಾಗ ಸಿಗೋದೂ ಅಂಥವೇ. ತುದಿ ಕೊಳೆತ ತೊಲೆ, ಮುರಿದ ಜಂತೆ, ಅಟ್ಟದ ಹಲಗೆ. ದಶಕಗಳ ಕಾಲ ಒಣಗಿದ ಮರ, ಹೊಸ ಮರದಷ್ಟು ಸೊಟ್ಟಗಾಗಲ್ಲ. ಎಲ್ಲ ಕೋಣೆಗೂ ಆಸೆಪಡಬೇಡಿ. ಅಡುಗೆಮನೆ, ದೇವರಮನೆ ಬಿಟ್ಟು, ಓದೋ ಕೋಣೆಯೋ ಮಲಗೋ ಕೋಣೆಯೋ ಒಂದಕ್ಕೆ ಸಾಕು. ಬಡಗಿಗೆ ಮೊದಲು ಹಳೇ ಮೊಳೆಗಳನ್ನೆಲ್ಲ ಕೀಳಿಸೋಕೆ ಹೇಳಿ, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತೆ. ಗೋಡೆಯ ಸುತ್ತ ಅರ್ಧ ಇಂಚು ಜಾಗ ಬಿಡಿಸಿ, ಮಳೆಗಾಲದಲ್ಲಿ ಮರ ಹಿಗ್ಗೋಕೆ ಅದು ಬೇಕು. ಸಂದಿಯನ್ನ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತೆ. ಒರೆಸೋಕೆ ಹಿಂಡಿದ ಬಟ್ಟೆ ಸಾಕು. ಈ ಮಾತನ್ನ ಮನೆಕೆಲಸದ ಅಕ್ಕನಿಗೂ, ಹಬ್ಬಕ್ಕೆ ಊರಿಂದ ಬರೋ ಅಮ್ಮನಿಗೂ ಮೊದಲೇ ಹೇಳಿಟ್ಟಿರಿ.