ಧ್ರುವೀಕೃತ ಬೆಳಕೂ ರೇಂಜ್‌ಫೈಂಡರ್ ಕ್ಯಾಮೆರಾವೂ

ಬೆಳಕಿನ ಕಂಪನವು ಸಾಮಾನ್ಯವಾಗಿ ಎಲ್ಲ ಮಗ್ಗುಲುಗಳಿಗೂ ಹರಡಿಕೊಂಡಿರುವುದು. ಅದು ಒಂದೇ ಮಗ್ಗುಲಿಗೆ ನಿಯತವಾದಲ್ಲಿ ಅಂತಹ ಬೆಳಕನ್ನು ಧ್ರುವೀಕೃತವೆನ್ನುವರು. ಬರಿಯ ಕಣ್ಣಿಗೆ ಈ ಭೇದವು ಸಾಮಾನ್ಯವಾಗಿ ತೋರದು. ತಕ್ಕ ಸಾಧನವೊಂದನ್ನು ಕಣ್ಣಿಗೆ ಹಿಡಿದು ತಿರುಗಿಸಿ ನೋಡಬೇಕು. ಈ ವಿದ್ಯೆಯ ಚರಿತ್ರೆಯು ಬಹುಮಟ್ಟಿಗೆ ಹಾಗೆ ತಿರುಗಿಸಿ ನೋಡಿದವರ ಚರಿತ್ರೆಯೇ ಆಗಿದೆ.

1669ರಲ್ಲಿ ಡೆನ್ಮಾರ್ಕಿನ ಬಾರ್ತೋಲಿನ್ ಪಂಡಿತನು, ಐಸ್‌ಲೆಂಡಿನಿಂದ ತಂದ ಸ್ಫಟಿಕದ ಮೂಲಕ ನೋಡಿದ ವಸ್ತುವು ಎರಡಾಗಿ ತೋರುವುದೆಂದು ಪ್ರಕಟಿಸಿದನು. 1808ರಲ್ಲಿ ಪ್ಯಾರಿಸಿನ ಮಾಲ್ಯೂಸನು ಲಕ್ಸೆಂಬರ್ಗ್ ಅರಮನೆಯ ಕಿಟಕಿಗಾಜುಗಳಲ್ಲಿ ಪ್ರತಿಫಲಿಸುತ್ತಿದ್ದ ಸಂಜೆಯ ಸೂರ್ಯನನ್ನು ಅಂತಹ ಸ್ಫಟಿಕದಿಂದ ನೋಡಿದನು. ಸ್ಫಟಿಕವನ್ನು ತಿರುಗಿಸಿದಂತೆ ಎರಡು ಬಿಂಬಗಳಲ್ಲಿ ಒಂದು ಕುಂದಿ ಮತ್ತೊಂದು ಬೆಳಗಿತು. ಪ್ರತಿಫಲನದಿಂದಲೂ ಬೆಳಕು ಧ್ರುವೀಕೃತವಾಗುವುದೆಂದು ಇದರಿಂದ ಸಿದ್ಧವಾಯಿತು. ಮರುವರ್ಷ ಅರಾಗೋ ಎಂಬವನು ನೀಲಾಕಾಶದ ಬೆಳಕಿಗೂ ಈ ಗುಣವುಂಟೆಂದು ಕಂಡನು. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅದು ಅತ್ಯಧಿಕ. 1828ರಲ್ಲಿ ಸ್ಕಾಟ್ಲೆಂಡಿನ ನಿಕಲ್ಲನು ಸ್ಫಟಿಕವನ್ನು ಕೊಯ್ದು ಕೂಡಿಸಿ, ಒಂದೇ ಬಿಂಬವನ್ನು ಉಳಿಸುವ ಪಟ್ಟಕವನ್ನು ರಚಿಸಿದನು.

ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸರ್ ಚಂದ್ರಶೇಖರ ವೆಂಕಟ ರಾಮನ್ನರು 1921ರಲ್ಲಿ ಹಡಗಿನಿಂದ ಸ್ವದೇಶಕ್ಕೆ ಮರಳುವಾಗ ಈ ಪಟ್ಟಕದಿಂದಲೇ ಸಮುದ್ರವನ್ನು ನೋಡಿದರು. ಆಕಾಶದ ಪ್ರತಿಫಲನವನ್ನು ಅಡಗಿಸಿದರೂ ನೀರಿನ ನೀಲವು ಕುಂದಲಿಲ್ಲ, ಹೆಚ್ಚೇ ಆಯಿತು. ಸಮುದ್ರದ ನೀಲವು ಆಕಾಶದ ಛಾಯೆ ಮಾತ್ರವೆಂಬ ಮತವು ಇದರಿಂದ ಶಿಥಿಲವಾಯಿತು.

ನಿಕಲ್ಲನ ಪಟ್ಟಕವಾದರೋ ಕಿರಿದು, ಬೆಲೆಯೂ ಹೆಚ್ಚು. 1852ರಲ್ಲಿ ಬ್ರಿಸ್ಟಲ್ ನಗರದ ವೈದ್ಯನಾದ ಹೆರಪಾತನು ಕ್ವಿನೈನ್ ಮತ್ತು ಅಯೋಡಿನ್‌ಗಳ ಸಂಯೋಗದಿಂದಾದ ಸಣ್ಣ ಹರಳುಗಳಲ್ಲಿ ಧ್ರುವೀಕರಣಶಕ್ತಿಯನ್ನು ಕಂಡಿದ್ದನು. ಅಮೆರಿಕದ ಎಡ್ವಿನ್ ಲ್ಯಾಂಡನು ಅಂತಹ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲುಗೊಳಿಸಿ ತೆಳುಹಾಳೆಯಲ್ಲಿ ಹಿಡಿದಿಟ್ಟು, 1929ರಲ್ಲಿ ಹಕ್ಕುಪತ್ರಕ್ಕೆ ಅರ್ಜಿಯಿತ್ತನು. ಛಾಯಾಗ್ರಾಹಕರ ಪೋಲರೈಸಿಂಗ್ ಫಿಲ್ಟರಿಗೆ ಇದೇ ದಾರಿಮಾಡಿತು. ಅದು ನೀರು ಗಾಜುಗಳ ಹೊಳಪನ್ನು ತೆಗೆಯುವುದು, ಆಕಾಶವನ್ನು ಗಾಢಗೊಳಿಸುವುದು; ಲೋಹದ ಹೊಳಪಿನ ಮೇಲೆ ಮಾತ್ರ ಅದರ ಆಟ ನಡೆಯದು.

ಅದೇ ಕಾಲದಲ್ಲಿ, 1932ರಲ್ಲಿ, ದೂರಮಾಪಕವನ್ನು ಮಸೂರದೊಡನೆ ಜೋಡಿಸಿದ ಎರಡನೆಯ ಲೈಕಾ ಹೊರಬಂದಿತು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಛಾಯಾಗ್ರಾಹಕನು ನೋಡುವುದು ಬೇರೊಂದು ಕಿಂಡಿಯಿಂದ, ಚಿತ್ರವು ಬೀಳುವುದು ಮಸೂರದಿಂದ. ಮಸೂರದ ಮುಂದಿನ ಫಿಲ್ಟರನ್ನು ಎಷ್ಟು ತಿರುಗಿಸಿದರೂ ಕಿಂಡಿಯಲ್ಲಿ ಬದಲಾವಣೆ ಕಾಣದು. ಹೊಳಪು ಮುಚ್ಚಿಬಿಟ್ಟ ಕೊಳದ ತಳವನ್ನು ಅನಂತರ ಯಾವ ಸಂಸ್ಕಾರದಿಂದಲೂ ಮರಳಿ ಪಡೆಯಲಾಗದಾದುದರಿಂದ ಇದು ಅಲ್ಪ ತೊಡಕಲ್ಲ.

ಪರಿಹಾರವು ಹಳೆಯ ಪದ್ಧತಿಯಲ್ಲಿಯೇ ದೊರೆಯಿತು. ಫಿಲ್ಟರನ್ನು ಮೊದಲು ಕಣ್ಣಿಗೆ ಹಿಡಿದು ತಿರುಗಿಸಿ, ಅಂಚಿನ ಗುರುತು ನಿಂತ ಸ್ಥಾನವನ್ನು ನೋಡಿಕೊಂಡು, ಅದೇ ಸ್ಥಾನದಲ್ಲಿ ಮಸೂರಕ್ಕೆ ತೊಡಿಸುವುದು ಒಂದು ಕ್ರಮ. ಲೈಟ್ಜ್ ಸಂಸ್ಥೆಯವರು ಎಂ ಶ್ರೇಣಿಯ ಲೈಕಾಗಳಿಗಾಗಿ, ಕಿಂಡಿಯ ಮುಂದೆ ಮಗುಚಿ ನೋಡಿ, ಬಳಿಕ ಮಸೂರದ ಮುಂದಕ್ಕೆ ತರಬಹುದಾದ ಕೀಲಿನ ಫಿಲ್ಟರನ್ನೇ ರಚಿಸಿದರು. ಎರಡರಲ್ಲಿಯೂ ನಿರ್ಣಯಿಸುವುದು ಕಣ್ಣು. ಯಂತ್ರವು ಅದನ್ನು ಅನುಸರಿಸುವುದು. ಮಾಲ್ಯೂಸನ ಸ್ಫಟಿಕವೂ ರಾಮನ್ನರ ಪಟ್ಟಕವೂ ನಡೆದ ದಾರಿಯು ಇದೇ ಆಗಿದ್ದಿತು.