ಹಿಮಕ್ಕೆ ಸಿಕ್ಕಿಬೀಳಲೆಂದೇ ಹೊರಟ ಹಡಗು

ಹೊಳೆ ತುಂಬಿದಾಗ ತೇಲಿ ಬರುವ ದಿಮ್ಮಿ, ಒಡೆದ ಬುಟ್ಟಿ ನೋಡಿ ನೀರು ಯಾವ ಕಡೆಯಿಂದ ಬಂತೆಂದು ಹೇಳುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಇಂಥದ್ದೇ ಲೆಕ್ಕ ನಂಬಿ ಭೂಮಿಯ ಉತ್ತರ ತುದಿಯ ಹಿಮಸಾಗರಕ್ಕೆ ಹೊರಟ 13 ಜನರ ಕತೆ ಇದು.

1881ರ ಜೂನ್‌ನಲ್ಲಿ ಅಮೆರಿಕದ 'ಜೀನೆಟ್' ಹಡಗು ಸೈಬೀರಿಯಾದ ಉತ್ತರದಲ್ಲಿ ಹಿಮಗಡ್ಡೆಗಳ ನಡುವೆ ನಜ್ಜುಗುಜ್ಜಾಗಿ ಮುಳುಗಿತು. ಅದರಲ್ಲಿದ್ದ 33 ಜನರಲ್ಲಿ ಬದುಕಿ ಬಂದವರು 13 ಮಂದಿ ಮಾತ್ರ. ಮೂರು ವರ್ಷ ಕಳೆದ ಮೇಲೆ ಆ ಹಡಗಿನ ಕಾಗದಪತ್ರ, ಹೆಸರು ಬರೆದಿದ್ದ ಒಂದು ಪ್ಯಾಂಟು ಸಾಗರದ ಇನ್ನೊಂದು ಬದಿಯ ಗ್ರೀನ್‌ಲ್ಯಾಂಡ್ ತೀರದಲ್ಲಿ ಸಿಕ್ಕವು!

ಹಾಗಾದರೆ ಹಿಮದ ಅಡಿಯ ನೀರು ಆ ಕಡೆಗೆ ಹರಿಯುತ್ತಿರಬೇಕು ಎಂದರು ನಾರ್ವೆಯ ಹವಾಮಾನ ವಿಜ್ಞಾನಿ ಹೆನ್ರಿಕ್ ಮೋನ್. ಅದನ್ನು ಓದಿದ ಫ್ರಿಟ್ಯೋಫ್ ನಾನ್ಸೆನ್ ಒಂದು ಹೆಜ್ಜೆ ಮುಂದೆ ಹೋದರು. ಪ್ಯಾಂಟು ತೇಲಿ ಬರುವುದಾದರೆ ಹಡಗು ಯಾಕೆ ಬರಬಾರದು? ಬೇಕೆಂದೇ ಹಿಮದಲ್ಲಿ ಸಿಕ್ಕಿಕೊಂಡು, ಅದರ ಜೊತೆಗೇ ಸಾಗೋಣ ಎಂದರು. ಇದು ಆತ್ಮಹತ್ಯೆಯ ದಾರಿ ಎಂದು ಅನುಭವಿಗಳೇ ಎಚ್ಚರಿಸಿದರು.

ಹಡಗು ಕಟ್ಟಿದವರು ಕಾಲಿನ್ ಆರ್ಚರ್. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಜಾರಿ ಚಿಮ್ಮುತ್ತದಲ್ಲ, ಹಾಗೆ ಹಿಮ ಒತ್ತಿದಾಗ ಮೇಲೇಳುವಂತೆ ದುಂಡಗಿನ ತಳ ಮಾಡಿದರು. ಪಕ್ಕದ ಮರದ ಗೋಡೆ ಎರಡು ಅಡಿಗೂ ಹೆಚ್ಚು ದಪ್ಪ. ಹಡಗಿಗೆ 'ಫ್ರಾಮ್' ಎಂದು ಹೆಸರಿಟ್ಟರು. ಹಾಗೆಂದರೆ 'ಮುಂದಕ್ಕೆ'.

1893ರ ಜೂನ್ 24ರಂದು, ಈಗಿನ ಓಸ್ಲೋದಿಂದ ಫ್ರಾಮ್ ಹೊರಟಿತು. ವರ್ಷಗಟ್ಟಲೆಗೆ ಸಾಲುವಷ್ಟು ಆಹಾರ ತುಂಬಿದ್ದರು. ನಾನ್ಸೆನ್‌ಗೆ ಆಗ 31 ವರ್ಷ. ಹೆಂಡತಿ ಇವಾ ಮತ್ತು ಆರು ತಿಂಗಳೂ ತುಂಬದ ಮಗಳು ಲಿವ್‌ಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. ಹಿಮದೊಳಗೆ ಹೋದ ಮೇಲೆ ಊರಿಗೆ ಸುದ್ದಿ ಕಳಿಸುವ ದಾರಿಯೇ ಇರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹಡಗು ಹಿಮದಲ್ಲಿ ಸಿಲುಕಿತು. ಹಿಮ ಒತ್ತಿತು, ಹಡಗು ಮೇಲೆದ್ದಿತು. ಸುಮಾರು ಮೂರು ವರ್ಷ ತೇಲಿ 1896ರ ಆಗಸ್ಟ್‌ನಲ್ಲಿ ಹೊರಬಂತು. ನಡುವೆ ನಾನ್ಸೆನ್ ಒಬ್ಬ ಜೊತೆಗಾರನೊಂದಿಗೆ ಹಿಮದ ಮೇಲೆ ನಡೆದು ಧ್ರುವ ಮುಟ್ಟಲು ನೋಡಿದರು, ಆಗಲಿಲ್ಲ. ಆದರೆ 13 ಜನರೂ ಜೀವಂತ ಮನೆ ಸೇರಿದರು.

ಆಳವಿಲ್ಲ ಎಂದುಕೊಂಡಿದ್ದ ಆ ಸಾಗರ 3,000 ಮೀಟರ್‌ಗೂ ಆಳವೆಂದು ಅವರು ಅಳೆದು ತೋರಿಸಿದರು. ಹಿಮ ಗಾಳಿಯ ದಿಕ್ಕಿಗೇ ಹೋಗದೆ, ಸ್ವಲ್ಪ ಬಲಕ್ಕೆ ವಾಲಿ ಸಾಗುವುದನ್ನೂ ಬರೆದಿಟ್ಟರು. ಇದಕ್ಕೆ ಭೂಮಿ ತಿರುಗುವುದೇ ಕಾರಣವೆಂದು ಸ್ವೀಡನ್ನಿನ ಎಕ್ಮನ್ ಗಣಿತದಿಂದ ವಿವರಿಸಿದರು.

ಈ ಲೆಕ್ಕ ನಮ್ಮ ಕರಾವಳಿಗೂ ಬೇಕು. ಮುಂಗಾರಿನ ಹೊತ್ತಿಗೆ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ. ಅದು ಹೊತ್ತು ತರುವ ಸಾರವೇ ಬೂತಾಯಿ, ಬಂಗುಡೆಗಳ ಮೇವಿಗೆ ಮೂಲ.