ಅನುಮಾನ ತಾಲೂಕಿನಲ್ಲಿ, ನಿರ್ಣಯ ಕಲಬುರಗಿಯಲ್ಲಿ

ಹಳ್ಳಿಯ ವೈದ್ಯರಿಗೂ ಮನೋರೋಗ ಗುರುತಿಸಲು ಕಲಿಸಬಹುದೆಂಬ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರು ಸಮೀಪದ ಸಕಲವಾರದಲ್ಲಿ ಅದನ್ನು ಪ್ರಯೋಗಿಸಿ, 1985ರಲ್ಲಿ ಬಳ್ಳಾರಿ ಜಿಲ್ಲೆಗೆ ಒಯ್ದಿತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆದರೆ ಬಳ್ಳಾರಿಯಲ್ಲಿ ಒತ್ತು ಬಿದ್ದದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯತೆಗಳ ಮೇಲೆ, ಆಟಿಸಂ ಮೇಲಲ್ಲ. ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಗುರುತಿಸಿದ್ದು 1943ರಲ್ಲಿ. ನಮ್ಮ ದವಾಖಾನೆಗಳಲ್ಲಿ ಮಾತ್ರ ಅಂಥ ಮಗು ಬಹಳ ಕಾಲ 'ಬುದ್ಧಿ ಕಮ್ಮಿ' ಇಲ್ಲವೇ 'ಮೂಗ' ಎನಿಸಿಕೊಂಡೇ ಉಳಿಯಿತು.

ಕಾನೂನು ದವಾಖಾನೆಗಿಂತ ಮುಂದೆ ಓಡಿತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ ಸೇರಿತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲೂ ಸೇರಿತು. ಪ್ರಮಾಣಪತ್ರಕ್ಕೆಂದು 40 ಅಂಶಗಳ ಭಾರತೀಯ ಅಳತೆಪಟ್ಟಿ, ಐಸಾ, ಬಂತು. ಅದನ್ನು ತುಂಬುವವರು ತಜ್ಞರು, ತಜ್ಞರಿರುವುದು ನಗರದಲ್ಲಿ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಅಂಗನವಾಡಿ ಬಾಗಿಲಿಗೆ ತಪಾಸಣೆ ತಂದದ್ದು 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ನಿಯಮದಂತೆ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಔಷಧ ವಿತರಕರ ತಂಡ ವರ್ಷಕ್ಕೆ ಎರಡು ಸಲ ಬರಬೇಕು. ಅನುಮಾನ ಬಂದ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಅಂದರೆ ತಾಲೂಕಿನ ವೈದ್ಯರು ಅನುಮಾನ ಪಡಬಹುದು, ನಿರ್ಣಯ ಹೇಳುವಂತಿಲ್ಲ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿ ಸುಮಾರು 40 ಕಿಲೋಮೀಟರ್, ಅಫಜಲಪುರ ಇನ್ನೂ ದೂರ. ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಬೇಕಾದ ತಾಯಿಗೆ ಅತ್ತೆ ಹೇಳುವುದು, "ಗಂಡ್ ಹುಡುಗ, ಮಾತ್ ತಡಾ ಬರ್ತಾವ ಬಿಡು." ಕೆಲವರು ಮೊದಲು ಗಾಣಗಾಪುರದ ದತ್ತಾತ್ರೇಯನ ಹತ್ತಿರ ಹೋಗುತ್ತಾರೆ. ಅದಕ್ಕೆ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅಲ್ಲಿ ಸರತಿ ಸಾಲು ಮುಂದೆ ಸರಿಯುವುದಾದರೂ ಕಣ್ಣಿಗೆ ಕಾಣುತ್ತದೆ.

ಅನುಮಾನ ಪಡುವುದಕ್ಕೂ ತರಬೇತಿ ಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಪಾಸಣಾ ಪ್ರಶ್ನಾವಳಿ ಎಂ-ಚಾಟ್‌ನ ಪರಿಷ್ಕೃತ ರೂಪದಲ್ಲಿ 16ರಿಂದ 30 ತಿಂಗಳ ಮಕ್ಕಳಿಗಾಗಿ 20 ಪ್ರಶ್ನೆಗಳಿವೆ. 'ಮಗು ಬೊಟ್ಟು ಮಾಡಿ ತೋರಿಸುತ್ತದೆಯೇ?' ಎಂದರೆ "ತೋರಸ್ತದ್ರೀ" ಎಂದುಬಿಡುತ್ತಾರೆ. ತರಬೇತಿ ಪಡೆದವರು ಅಲ್ಲಿಗೆ ನಿಲ್ಲುವುದಿಲ್ಲ. ಬಿಸ್ಕೀಟ್ ಬೇಕೆಂದು ತೋರಿಸುತ್ತದೋ, ಆಕಾಶದ ವಿಮಾನ ನೀನೂ ನೋಡು ಎಂದು ತೋರಿಸಿ ಅವ್ವನ ಮುಖ ನೋಡುತ್ತದೋ? ಎರಡನೆಯದು ಇಲ್ಲವಾದರೆ ಪೆನ್ನು ಎತ್ತಬೇಕು. ಮರಾಠಿ, ದಖ್ಖನಿ ಉರ್ದು, ಲಂಬಾಣಿ ಕಲೆತ ಈ ಸೀಮೆಯಲ್ಲಿ 'ಮನ್ಯಾಗ ಎರಡ್ ಭಾಷಾ, ಅದಕ್ಕ ಮಾತಿಲ್ಲ' ಎಂಬ ವಿವರಣೆಯೂ ಸಲೀಸು. ಎರಡು ಭಾಷೆ ಆಟಿಸಂಗೆ ಕಾರಣವಲ್ಲ, ಈ ವಿವರಣೆಯಲ್ಲಿ ಕಳೆದುಹೋಗುವುದು ಮಗುವಿನ ಸಮಯ.

ಅಮೆರಿಕದಲ್ಲಿ ಒಂದು ಹೆಜ್ಜೆ ಮುಂದಿಟ್ಟರು. ಟೆನೆಸ್ಸಿಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸಾಮಾನ್ಯ ಮಕ್ಕಳ ವೈದ್ಯರಿಗೆ ಸುಮಾರು 20 ನಿಮಿಷದ ಆಟದ ಪರೀಕ್ಷೆ ಕಲಿಸಿ, ನಿರ್ಣಯವನ್ನೇ ಅವರ ಕೈಗೆ ಕೊಟ್ಟಿತು. ಬಹುಪಾಲು ಮಕ್ಕಳಲ್ಲಿ ಅದು ತಜ್ಞರ ಮಾತಿಗೆ ಹೊಂದಿತು. ಮಿಸೌರಿಯಲ್ಲಿ ಹುಟ್ಟಿದ ಎಕೋ ಆಟಿಸಂ, ತಜ್ಞರನ್ನು ವಿಡಿಯೋದಲ್ಲಿ ಹಳ್ಳಿ ವೈದ್ಯರ ಮುಂದೆ ತಂದು ಕೂರಿಸಿತು. ಅದರ ದೊಡ್ಡ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂದಾಗ 148 ವೈದ್ಯರ ಅರಿವೂ ಧೈರ್ಯವೂ ಹೆಚ್ಚಿದ್ದವು, ಆದರೆ ರೋಗಿಗಳ ದಾಖಲೆಗಳಲ್ಲಿ ತಪಾಸಣೆಯ ರೂಢಿ ಗಣನೀಯವಾಗಿ ಬದಲಾಗಿರಲಿಲ್ಲ. ನಮ್ಮ ಯೋಜನೆ ಬರೆಯುವವರು ಓದಬೇಕಾದ ಫಲಿತಾಂಶ ಇದೇ ಎಂದು ನನಗನ್ನಿಸುತ್ತದೆ. ಪಾಠ ಕೊಟ್ಟು, ಹೊರರೋಗಿಗಳ ಸಾಲಿನ ನಡುವೆ ಅರ್ಧ ತಾಸನ್ನೂ ಸಹಿಯ ಅಧಿಕಾರವನ್ನೂ ಕೊಡದಿದ್ದರೆ ತರಬೇತಿ ಪ್ರಮಾಣಪತ್ರವಾಗಿ ಗೋಡೆಗೆ ತೂಗುತ್ತದೆ, ಅಷ್ಟೆ.

ನಿರ್ಣಯ ತಾಲೂಕಿಗೆ ಇಳಿಯಲು ಇನ್ನೂ ಸಮಯ ಹಿಡಿದೀತು. ಅಲ್ಲಿಯವರೆಗೆ ನೆರವನ್ನು ತಡೆಹಿಡಿಯಬೇಕಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪಾಸ್ ಅಧ್ಯಯನದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ತಂದೆತಾಯಿಗೆ ಮಗುವಿನೊಡನೆ ಆಡುವ, ಅದರ ಸನ್ನೆಗೆ ಓಗೊಡುವ ಬಗೆ ಕಲಿಸಿದ್ದರು; ಒಡನಾಟ ಸುಧಾರಿಸಿತ್ತು. ಮುಂಬೈ, ಪುಣೆಗೆ ದುಡಿಯಲು ಹೋಗುವ ಕುಟುಂಬವೂ ಹೊರಡುವ ಮುಂಚೆ ಇಷ್ಟನ್ನು ಆಶಾ ಕಾರ್ಯಕರ್ತೆಯಿಂದ ಕಲಿತುಕೊಳ್ಳಬಹುದು.